ಗೊತ್ತಿದ್ದಕ್ಕೂ ಹೆಸರಿಟ್ಟ ವಕೀಲ

ಎರಡು ಸಂಖ್ಯೆಗಳಿವೆ. ಕೂಡಿದರೆ 100 ಬರುತ್ತದೆ. ದೊಡ್ಡದರಿಂದ ಚಿಕ್ಕದನ್ನು ಕಳೆದರೆ 40 ಉಳಿಯುತ್ತದೆ. ಆ ಸಂಖ್ಯೆಗಳು ಯಾವುವು? ಹೈಸ್ಕೂಲು ಮೆಟ್ಟಿಲು ಹತ್ತಿದ ಯಾವ ವಿದ್ಯಾರ್ಥಿಯಾದರೂ ಚಿಕ್ಕದನ್ನು ‘ಎಕ್ಸ್’ ಎಂದು ಕರೆದು, ಎರಡು ಸಾಲು ಬರೆದು, 30 ಮತ್ತು 70 ಎಂದು ಉತ್ತರ ಹೇಳಿಬಿಡುತ್ತಾನೆ.

ಅದೇ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ನೋಡಿ. ಎರಡು ಸಂಖ್ಯೆಗಳನ್ನು ಕೂಡಿದರೆ ‘ಡಿ’, ಕಳೆದರೆ ‘ಬಿ’. ಆ ಸಂಖ್ಯೆಗಳು ಯಾವುವು? ಲೆಕ್ಕ ಮಾಡುವ ಕ್ರಮ ಒಂದಿಷ್ಟೂ ಬದಲಾಗಿಲ್ಲ. ಆದರೂ ತರಗತಿಯಲ್ಲಿ ಅರ್ಧದಷ್ಟು ಕೈಗಳು ಕೆಳಗಿಳಿಯುತ್ತವೆ. ‘ಡಿ ಎಂದರೆ ಎಷ್ಟು ಸಾರ್?’ ಎಂಬ ಪ್ರಶ್ನೆ ಏಳುತ್ತದೆ. ಗೊತ್ತಿಲ್ಲದ ಸಂಖ್ಯೆಗೆ ಅಕ್ಷರ ಬಳಸುವುದನ್ನು ಮಕ್ಕಳು ಹೇಗೋ ಒಪ್ಪಿಕೊಳ್ಳುತ್ತಾರೆ. ಗೊತ್ತಿರುವ ಸಂಖ್ಯೆಗೂ ಅಕ್ಷರವೇಕೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಇದು ಮಕ್ಕಳ ದಡ್ಡತನವಲ್ಲ. ಗೊತ್ತಿಲ್ಲದ್ದಕ್ಕೆ ಹೆಸರಿಡಲು ಕಲಿತ ಮನುಷ್ಯ, ಗೊತ್ತಿರುವುದಕ್ಕೂ ಹೆಸರಿಟ್ಟು ಅದರೊಡನೆ ಲೆಕ್ಕ ಮಾಡಲು ಕಲಿಯುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ವರ್ಷ ಕಳೆದಿದ್ದವು. ಅಲೆಕ್ಸಾಂಡ್ರಿಯಾ, ಬಾಗ್ದಾದು, ಭಾರತಗಳ ದೊಡ್ಡ ದೊಡ್ಡ ಗಣಿತಜ್ಞರು ಈ ಹೊಸ್ತಿಲಿನವರೆಗೆ ಬಂದು ನಿಂತಿದ್ದರು. ಅದನ್ನು ಕ್ರಮಬದ್ಧವಾಗಿ ದಾಟಿದವನು ವೃತ್ತಿಯಲ್ಲಿ ಗಣಿತಜ್ಞನೂ ಅಲ್ಲ. ಅವನು ಫ್ರಾನ್ಸಿನ ಒಬ್ಬ ವಕೀಲ.

ರಾಶಿ, ವಸ್ತು, ಗುಳಿಕೆ

ಸರಳ ಸಮೀಕರಣದ ಚರಿತ್ರೆ ಬಹಳ ಹಳೆಯದು. ಕ್ರಿಸ್ತಪೂರ್ವ 1550ರ ಸುಮಾರಿಗೆ ಅಹ್ಮೋಸ್ ಎಂಬ ಈಜಿಪ್ಟಿನ ಲಿಪಿಕಾರ, ತನಗಿಂತ ಹಿಂದಿನ ಗ್ರಂಥವೊಂದನ್ನು ನೋಡಿ ಪ್ರತಿ ಮಾಡಿದ ಪಪೈರಸ್ ಸುರುಳಿ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಬರುವ ಒಂದು ಲೆಕ್ಕ ಹೀಗಿದೆ: ಒಂದು ರಾಶಿಗೆ ಅದರ ಏಳನೆಯ ಒಂದು ಭಾಗವನ್ನು ಸೇರಿಸಿದರೆ 19 ಆಗುತ್ತದೆ. ರಾಶಿ ಎಷ್ಟು?

ಅಹ್ಮೋಸ್ ಇದಕ್ಕೆ ಸಂಕೇತ ಬಳಸುವುದಿಲ್ಲ. ಉತ್ತರ 7 ಎಂದು ಸುಮ್ಮನೆ ಊಹಿಸುತ್ತಾನೆ. 7ಕ್ಕೆ ಅದರ ಏಳನೆಯ ಒಂದು ಭಾಗ ಸೇರಿದರೆ 8. ಬೇಕಾದದ್ದು 19. ಆದ್ದರಿಂದ 8ರಿಂದ 19ಕ್ಕೆ ಹೋಗಲು ಯಾವ ಪ್ರಮಾಣದಲ್ಲಿ ಹಿಗ್ಗಿಸಬೇಕೋ ಅದೇ ಪ್ರಮಾಣದಲ್ಲಿ 7ನ್ನೂ ಹಿಗ್ಗಿಸಬೇಕು. ಉತ್ತರ ಹದಿನಾರೂ ಎಂಟನೆಯ ಐದು. ನಮ್ಮ ‘ಲೀಲಾವತಿ’ಯಲ್ಲಿ ‘ಇಷ್ಟಕರ್ಮ’ ಎಂಬ ಹೆಸರಿನಲ್ಲಿ ಬರುವುದೂ ಇದೇ ಉಪಾಯ. ಇಷ್ಟ ಬಂದ ಸಂಖ್ಯೆಯಿಂದ ಆರಂಭಿಸಿ, ಬಂದ ಫಲವನ್ನು ನೋಡಿ ತಿದ್ದಿಕೊಳ್ಳುವುದು.

ಊಹೆಯ ಬದಲು ಸಂಕೇತ ಬಳಸಿದವರಲ್ಲಿ ಅಲೆಕ್ಸಾಂಡ್ರಿಯಾದ ಡಯೊಫಾಂಟಸ್ ಪ್ರಮುಖ. ಆತನ ಕಾಲ ಕ್ರಿಸ್ತಶಕ ಮೂರನೆಯ ಶತಮಾನ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ‘ಅರಿತ್ಮೆಟಿಕಾ’ ಎಂಬ ಗ್ರಂಥದಲ್ಲಿ ಆತ ಅಜ್ಞಾತ ಸಂಖ್ಯೆಗೆ ಒಂದು ಗುರುತು, ಅದರ ವರ್ಗ ಮತ್ತು ಘನಗಳಿಗೆ ಬೇರೆ ಗುರುತುಗಳನ್ನು ಇಟ್ಟುಕೊಂಡ. ಒಂಬತ್ತನೆಯ ಶತಮಾನದ ಆರಂಭದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ತನ್ನ ಬೀಜಗಣಿತವನ್ನು ಪೂರ್ತಿ ಮಾತಿನಲ್ಲೇ ಬರೆದ. ಅಜ್ಞಾತವನ್ನು ಅರಬ್ಬರು ‘ವಸ್ತು’ ಎಂಬ ಅರ್ಥದ ‘ಶೈ’ ಪದದಿಂದ ಕರೆದರು. ಇಟಲಿಯವರು ಅದನ್ನೇ ‘ಕೋಸಾ’ ಎಂದು ಅನುವಾದಿಸಿಕೊಂಡರು.

ಭಾರತದಲ್ಲಿ ಈ ಹಾದಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 499ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಆರ್ಯಭಟ ರಚಿಸಿದ ‘ಆರ್ಯಭಟೀಯ’ದಲ್ಲಿ ಸರಳ ಸಮೀಕರಣಕ್ಕೆ ಒಂದೇ ಶ್ಲೋಕದ ನಿಯಮವಿದೆ. ಇಬ್ಬರ ಸಂಪತ್ತು ಸಮ. ಇಬ್ಬರಲ್ಲೂ ಒಂದಷ್ಟು ‘ಗುಳಿಕೆ’ಗಳು, ಒಂದಷ್ಟು ನಾಣ್ಯಗಳಿವೆ. ನಾಣ್ಯಗಳ ವ್ಯತ್ಯಾಸವನ್ನು ಗುಳಿಕೆಗಳ ವ್ಯತ್ಯಾಸದಿಂದ ಭಾಗಿಸಿದರೆ ಒಂದು ಗುಳಿಕೆಯ ಬೆಲೆ ಸಿಗುತ್ತದೆ. ಇಲ್ಲಿ ಗುಳಿಕೆಯೇ ಅಜ್ಞಾತ.

ಬಣ್ಣಗಳ ಗಣಿತ

628ರಲ್ಲಿ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆಯುವ ಹೊತ್ತಿಗೆ ಅಜ್ಞಾತಕ್ಕೆ ‘ಅವ್ಯಕ್ತ’ ಎಂಬ ಹೆಸರು ನಿಂತಿತ್ತು. ಅಂಕಗಣಿತ ವ್ಯಕ್ತಗಣಿತವಾದರೆ ಬೀಜಗಣಿತ ಅವ್ಯಕ್ತಗಣಿತ. ಮುಂದಿನವರು ಮೊದಲನೆಯ ಅಜ್ಞಾತವನ್ನು ‘ಯಾವತ್ ತಾವತ್’, ಅಂದರೆ ‘ಎಷ್ಟೋ ಅಷ್ಟು’ ಎಂದು ಕರೆದರು. ಎರಡನೆಯದು ಬೇಕಾದರೆ ಕಾಲಕ, ಮೂರನೆಯದು ನೀಲಕ, ಆಮೇಲೆ ಪೀತಕ, ಲೋಹಿತಕ. ಕಪ್ಪು, ನೀಲಿ, ಹಳದಿ, ಕೆಂಪು ಎಂದು ಹೀಗೆ ಬಣ್ಣಗಳ ಹೆಸರುಗಳು. ಬರೆಯುವಾಗ ಮೊದಲ ಅಕ್ಷರವಷ್ಟೇ ಸಾಕು: ಯಾ, ಕಾ, ನೀ, ಪೀ, ಲೋ.

12ನೆಯ ಶತಮಾನದ ಎರಡನೆಯ ಭಾಸ್ಕರನ ‘ಬೀಜಗಣಿತ’ದಲ್ಲಿ ಒಂದು ಸೊಗಸಾದ ಉದಾಹರಣೆ ಇದೆ. ಒಬ್ಬನ ಬಳಿ 300 ರೂಪಗಳೂ ಆರು ಕುದುರೆಗಳೂ ಇವೆ. ಇನ್ನೊಬ್ಬನ ಬಳಿ ಅದೇ ಬೆಲೆಯ ಹತ್ತು ಕುದುರೆಗಳಿವೆ, ಆದರೆ 100 ರೂಪ ಸಾಲವೂ ಇದೆ. ಇಬ್ಬರೂ ಸಮಾನ ಶ್ರೀಮಂತರು. ಕುದುರೆಯ ಬೆಲೆ ಎಷ್ಟು?

ಇದನ್ನು ಮೇಲೊಂದು ಕೆಳಗೊಂದು ಸಾಲಿನಲ್ಲಿ ಬರೆಯುತ್ತಿದ್ದರು. ಮೇಲಿನ ಸಾಲು: ಯಾ 6 ರೂ 300. ಕೆಳಗಿನ ಸಾಲು: ಯಾ 10 ರೂ 100. ಸಾಲವನ್ನು ಸೂಚಿಸಲು ಕೊನೆಯ 100ರ ತಲೆಯ ಮೇಲೆ ಒಂದು ಚುಕ್ಕೆ. ಒಂದು ಕಡೆ 300 ಧನ, ಇನ್ನೊಂದು ಕಡೆ 100 ಋಣ. ಎರಡರ ಅಂತರ 400. ಕುದುರೆಗಳ ಅಂತರ 4. ಕುದುರೆಯೊಂದಕ್ಕೆ 100 ರೂಪ.

ಬರವಣಿಗೆ ಎಷ್ಟು ಅಚ್ಚುಕಟ್ಟಾಗಿದೆ ಎಂಬುದನ್ನು ಗಮನಿಸಬೇಕು. ಅಜ್ಞಾತಕ್ಕೆ ಅಕ್ಷರವಿದೆ. ಋಣಕ್ಕೆ ಗುರುತಿದೆ. ಗೊತ್ತಿರುವ ಸಂಖ್ಯೆಯ ಹಿಂದೆ ‘ರೂ’ ಎಂಬ ಅಕ್ಷರವೂ ಇದೆ. ಆದರೆ ಈ ‘ರೂ’ ಸಂಖ್ಯೆಯ ಬದಲಿಗೆ ಬಂದದ್ದಲ್ಲ. ಅದು ಮುಂದೆ ಬರುವುದು ಬರೀ ಸಂಖ್ಯೆ ಎಂದು ತಿಳಿಸುವ ಚೀಟಿ ಮಾತ್ರ. 300 ಎಂಬುದು 300 ಆಗಿಯೇ ಉಳಿಯಿತು.

ಶ್ಲೋಕವೇ ಸೂತ್ರ

ಹಾಗಾದರೆ ಭಾರತೀಯರಿಗೆ ಸಾಮಾನ್ಯ ನಿಯಮ ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು. ಎರಡೂ ಪಕ್ಷಗಳ ರೂಪಗಳ ವ್ಯತ್ಯಾಸವನ್ನು, ಕ್ರಮ ತಿರುಗಿಸಿ, ಅವ್ಯಕ್ತಗಳ ವ್ಯತ್ಯಾಸದಿಂದ ಭಾಗಿಸಬೇಕು ಎಂದು ಬ್ರಹ್ಮಗುಪ್ತ ವಿಧಿಸುತ್ತಾನೆ. ಇದು ಆರು ಕುದುರೆಗೂ ಸರಿ, ಅರವತ್ತು ಆನೆಗೂ ಸರಿ. ಎಲ್ಲ ಸಂಖ್ಯೆಗಳಿಗೂ ಅನ್ವಯಿಸುವ ಗುಣ ಆ ಶ್ಲೋಕದಲ್ಲಿದೆ. ಆದರೆ ಅದು ಮಾತಿನಲ್ಲಿದೆ. ಲೆಕ್ಕದ ಹಲಗೆಯ ಮೇಲೆ ಬರುವಾಗ ಸಂಖ್ಯೆಗಳು ಮಾತ್ರ ಬರುತ್ತವೆ.

ಮೊತ್ತ ಮತ್ತು ವ್ಯತ್ಯಾಸ ಗೊತ್ತಿದ್ದು ಎರಡು ಸಂಖ್ಯೆಗಳನ್ನು ಹುಡುಕುವ ಲೆಕ್ಕಕ್ಕೂ ಇದೇ ಮಾತು ಸಲ್ಲುತ್ತದೆ. ನಮ್ಮ ಶಾಸ್ತ್ರಗಳಲ್ಲಿ ಅದರ ಹೆಸರು ‘ಸಂಕ್ರಮಣ’. ಮೊತ್ತಕ್ಕೆ ವ್ಯತ್ಯಾಸವನ್ನು ಒಮ್ಮೆ ಕೂಡಿಸಿ, ಒಮ್ಮೆ ಕಳೆದು, ಎರಡನ್ನೂ ಅರ್ಧ ಮಾಡಿದರೆ ಆಯಿತು. ‘ಲೀಲಾವತಿ’ಯ ಉದಾಹರಣೆಯಲ್ಲಿ ಮೊತ್ತ 101, ವ್ಯತ್ಯಾಸ 25. ಉತ್ತರ 63 ಮತ್ತು 38. ಡಯೊಫಾಂಟಸನ ‘ಅರಿತ್ಮೆಟಿಕಾ’ದ ಮೊದಲನೆಯ ಪ್ರಶ್ನೆಯೂ ಇದೇ. ಅಲ್ಲಿ ಮೊತ್ತ 100, ವ್ಯತ್ಯಾಸ 40. ಅಂದರೆ ಈ ಲೇಖನದ ಆರಂಭದಲ್ಲಿ ಕಂಡ ಲೆಕ್ಕವೇ. ಆತ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿ, ಬಿಡಿಸುವಾಗ ಮಾತ್ರ ನಿರ್ದಿಷ್ಟ ಸಂಖ್ಯೆಗಳನ್ನು ಆರಿಸಿಕೊಳ್ಳುತ್ತಾನೆ. ಉಳಿದ ಸಂಖ್ಯೆಗಳಿಗೆ ಹೇಗೆ ಮಾಡಬೇಕೆಂಬುದನ್ನು ಓದುಗ ತಾನೇ ಗ್ರಹಿಸಬೇಕು.

ಸೂತ್ರ ಮಾತಿನಲ್ಲೇ ಉಳಿದರೆ ಏನು ನಷ್ಟ? ಇದಕ್ಕೆ ಉತ್ತರ ಕನ್ನಡ ನಾಡಿನ ಗ್ರಂಥವೊಂದರಲ್ಲೇ ಸಿಗುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಆಸುಪಾಸಿನಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚಾದ ಈ ಗ್ರಂಥ, 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದದೊಡನೆ ಹೊರಬಂತು. ಅದರಲ್ಲಿ ಬಡ್ಡಿ ಲೆಕ್ಕಗಳಿಗೆ ದೊಡ್ಡ ಸ್ಥಾನವಿದೆ. ಬಡ್ಡಿ ಕಂಡುಹಿಡಿಯಲು ಒಂದು ಸೂತ್ರ, ಅಸಲು ಕಂಡುಹಿಡಿಯಲು ಇನ್ನೊಂದು, ಅವಧಿಗೆ ಮತ್ತೊಂದು. ಅಸಲು ಬಡ್ಡಿಗಳು ಬೆರೆತ ಮೊತ್ತವಿದ್ದರೆ ಅವನ್ನು ಬೇರ್ಪಡಿಸಲು ಮಗದೊಂದು.

ಇಂದಿನ ವಿದ್ಯಾರ್ಥಿಗೆ ಇಷ್ಟು ಸೂತ್ರಗಳ ಅಗತ್ಯವಿಲ್ಲ. ಅಸಲು, ಅವಧಿ, ದರಗಳನ್ನು ಗುಣಿಸಿ 100ರಿಂದ ಭಾಗಿಸಿದರೆ ಬಡ್ಡಿ ಎಂಬ ಒಂದೇ ಸಂಬಂಧವನ್ನು ಅಕ್ಷರಗಳಲ್ಲಿ ಬರೆದುಕೊಂಡರೆ, ಉಳಿದವು ಅದರಿಂದಲೇ ಹುಟ್ಟುತ್ತವೆ. 5000 ರೂಪಾಯಿಗೆ ಎರಡು ವರ್ಷಕ್ಕೆ 800 ರೂಪಾಯಿ ಬಡ್ಡಿ ಬಂದಿದ್ದರೆ ದರ ಎಷ್ಟು? ಅದೇ ಸಮೀಕರಣವನ್ನು ‘ದರ’ದ ಕಡೆಗೆ ತಿರುಗಿಸಿದರೆ ಶೇಕಡಾ 8 ಎಂದು ಸಿಗುತ್ತದೆ. ಮಾತಿನ ಸೂತ್ರವನ್ನು ಹೀಗೆ ತಿರುಗಿಸಲು ಬರುವುದಿಲ್ಲ. ಪ್ರತಿ ದಿಕ್ಕಿಗೂ ಹೊಸ ಶ್ಲೋಕ ಕಟ್ಟಬೇಕು, ಕಂಠಪಾಠ ಮಾಡಬೇಕು.

ಗೂಢಲಿಪಿ ಬಿಡಿಸಿದವನು

ಗೊತ್ತಿರುವ ಸಂಖ್ಯೆಗೆ ಅಕ್ಷರ ಬಳಸಿದವರು ಮೊದಲೂ ಇಲ್ಲದಿರಲಿಲ್ಲ. 13ನೆಯ ಶತಮಾನದ ಯುರೋಪಿನಲ್ಲಿ ಜೊರ್ಡಾನಸ್ ಎಂಬಾತ ಸಂಖ್ಯೆಗಳ ಜಾಗದಲ್ಲಿ ಅಕ್ಷರಗಳನ್ನಿಟ್ಟ. ಆದರೆ ಎರಡು ಅಕ್ಷರಗಳನ್ನು ಕೂಡಿದ ಕೂಡಲೇ ಬಂದ ಫಲಕ್ಕೆ ಆತ ಇನ್ನೊಂದು ಹೊಸ ಅಕ್ಷರ ಕೊಡುತ್ತಿದ್ದ. ಹೀಗಾಗಿ ಯಾವುದು ಎಲ್ಲಿಂದ ಬಂತೆಂಬ ಜಾಡು ಅಳಿಸಿಹೋಗುತ್ತಿತ್ತು.

ಆ ಜಾಡು ಉಳಿಯುವಂತೆ ಮಾಡಿದವನು ಫ್ರಾಂಸ್ವಾ ವಿಯೆತ್. 1540ರಲ್ಲಿ ಪಶ್ಚಿಮ ಫ್ರಾನ್ಸಿನ ಫೊಂತನೆ ಲ ಕೋಂತ್ ಎಂಬ ಊರಿನಲ್ಲಿ ಹುಟ್ಟಿದ ಈತ ಕಾನೂನು ಓದಿ ವಕೀಲನಾದ. ಮುಂದೆ ಮೂರನೆಯ ಮತ್ತು ನಾಲ್ಕನೆಯ ಹೆನ್ರಿ ದೊರೆಗಳ ಆಸ್ಥಾನದಲ್ಲಿ ಅಧಿಕಾರಿಯಾದ. ಧಾರ್ಮಿಕ ಕಲಹಗಳಿಂದ ಫ್ರಾನ್ಸ್ ಹೊತ್ತಿ ಉರಿಯುತ್ತಿದ್ದ ಕಾಲ ಅದು. ರಾಜಕೀಯ ವಿರೋಧಿಗಳ ಒತ್ತಡದಿಂದ 1584ರಿಂದ 1589ರವರೆಗೆ ಆಸ್ಥಾನದಿಂದ ದೂರವಿರಬೇಕಾಗಿ ಬಂದಾಗ, ಬಿಡುವಿನ ಆ ವರ್ಷಗಳನ್ನು ಆತ ಗಣಿತಕ್ಕೆ ಮೀಸಲಿಟ್ಟ.

ಆತನಿಗೆ ಇನ್ನೊಂದು ವಿದ್ಯೆಯೂ ಕರಗತವಾಗಿತ್ತು. ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನ ಕಡೆಯವರು ಗೂಢಲಿಪಿಯಲ್ಲಿ ಬರೆಯುತ್ತಿದ್ದ ಪತ್ರಗಳನ್ನು ಆತ ನಾಲ್ಕನೆಯ ಹೆನ್ರಿಗಾಗಿ ಬಿಡಿಸಿ ಕೊಟ್ಟ. ತನ್ನ ಲಿಪಿಯನ್ನು ಯಾರೂ ಓದಲಾರರೆಂದು ನಂಬಿದ್ದ ಫಿಲಿಪ್, ಫ್ರೆಂಚರು ಮಾಟ ಮಾಡುತ್ತಿದ್ದಾರೆಂದು ಪೋಪರಿಗೆ ದೂರಿದ ಎಂಬ ಕಥೆ ಪ್ರಚಲಿತವಾಗಿದೆ. ಒಂದು ಅಕ್ಷರ ಇನ್ನಾವುದರದೋ ಬದಲಿಗೆ ನಿಲ್ಲುವ ಲೋಕದಲ್ಲಿ ಪಳಗಿದ್ದ ಮನಸ್ಸು ಆತನದು.

1591ರಲ್ಲಿ ತೂರ್ ಪಟ್ಟಣದಲ್ಲಿ ಅಚ್ಚಾದ ಆತನ ಚಿಕ್ಕ ಲ್ಯಾಟಿನ್ ಗ್ರಂಥದ ಹೆಸರಿಗೆ ‘ವಿಶ್ಲೇಷಣ ಕಲೆಗೆ ಪ್ರವೇಶಿಕೆ’ ಎಂದು ಅರ್ಥ. ಅದರಲ್ಲಿ ಒಂದು ಸರಳ ಏರ್ಪಾಡಿದೆ. ಗೊತ್ತಿಲ್ಲದ ಪ್ರಮಾಣಗಳಿಗೆ ಎ, ಇ, ಐ ಮೊದಲಾದ ಸ್ವರಗಳು. ಗೊತ್ತಿರುವ ಪ್ರಮಾಣಗಳಿಗೆ ಬಿ, ಸಿ, ಡಿ ಮೊದಲಾದ ವ್ಯಂಜನಗಳು. ಸಂಖ್ಯೆಗಳೊಡನೆ ಮಾಡುವ ಲೆಕ್ಕ ಒಂದು ಬಗೆಯದು. ಅಕ್ಷರಗಳೊಡನೆ, ಅಂದರೆ ಸಂಖ್ಯೆಗಳ ಜಾತಿಗಳೊಡನೆ ಮಾಡುವ ಲೆಕ್ಕ ಇನ್ನೊಂದು ಬಗೆಯದು ಎಂದು ಆತ ಬೇರ್ಪಡಿಸಿದ. ಸ್ವಾರಸ್ಯವೆಂದರೆ, ತಾನು ಹೊಸದನ್ನು ಸೃಷ್ಟಿಸುತ್ತಿದ್ದೇನೆಂದು ಆತ ಭಾವಿಸಿರಲಿಲ್ಲ. ಕಾಲಾಂತರದಲ್ಲಿ ಕೆಟ್ಟುಹೋಗಿದ್ದ ಗ್ರೀಕರ ಪ್ರಾಚೀನ ಕಲೆಯೊಂದನ್ನು ರಿಪೇರಿ ಮಾಡುತ್ತಿದ್ದೇನೆಂದೇ ಆತನ ನಂಬಿಕೆ.

ಜಾಡು ಉಳಿಸುವ ಉತ್ತರ

ವಿಯೆತ್‌ನ ಇನ್ನೊಂದು ಗ್ರಂಥ ‘ಝೆಟೆಟಿಕಾ’ದ ಮೊದಲ ಲೆಕ್ಕ ಯಾವುದು? ಡಯೊಫಾಂಟಸನ ಮೊದಲ ಲೆಕ್ಕವೇ. ವ್ಯತ್ಯಾಸ ‘ಬಿ’ ಎಂದಿರಲಿ, ಮೊತ್ತ ‘ಡಿ’ ಎಂದಿರಲಿ. ಚಿಕ್ಕ ಸಂಖ್ಯೆ ‘ಎ’. ಹಾಗಾದರೆ ದೊಡ್ಡದು ಎ + ಬಿ. ಎರಡೂ ಸೇರಿದರೆ:

2ಎ + ಬಿ = ಡಿ

‘ಬಿ’ಯನ್ನು ಆಚೆ ಪಕ್ಷಕ್ಕೆ ಒಯ್ದು ಅರ್ಧ ಮಾಡಿದರೆ ‘ಎ’ ಎಂಬುದು ‘ಡಿ’ಯ ಅರ್ಧದಲ್ಲಿ ‘ಬಿ’ಯ ಅರ್ಧ ಕಳೆದಷ್ಟು. ಲೆಕ್ಕ ಮುಗಿಯಿತು. ಅನಂತರವಷ್ಟೇ, ಉದಾಹರಣೆಯೆಂದು, ‘ಬಿ’ 40 ಮತ್ತು ‘ಡಿ’ 100 ಆಗಿರಲಿ, ಆಗ ಸಂಖ್ಯೆಗಳು 30 ಮತ್ತು 70 ಎಂದು ಆತ ತೋರಿಸುತ್ತಾನೆ. ಸಮಚಿಹ್ನೆಯನ್ನು ವಿಯೆತ್ ಹೀಗೆ ಬಳಸುತ್ತಿರಲಿಲ್ಲ. ‘ಸಮ’ ಎಂಬುದನ್ನು ಲ್ಯಾಟಿನ್ ಪದದಲ್ಲೇ ಬರೆಯುತ್ತಿದ್ದ. ಉಳಿದಂತೆ ಕ್ರಮ ಇದೇ.

ಡಯೊಫಾಂಟಸ್ ಮತ್ತು ವಿಯೆತ್ ಇಬ್ಬರಿಗೂ ಸಿಕ್ಕಿದ್ದು 30 ಮತ್ತು 70. ಆದರೆ ಇಬ್ಬರ ಬಳಿ ಉಳಿದದ್ದು ಒಂದೇ ಅಲ್ಲ. 30 ಎಂಬ ಉತ್ತರವನ್ನು ಎಷ್ಟು ದಿಟ್ಟಿಸಿದರೂ ಅದು 100 ಮತ್ತು 40ರಿಂದ ಹೇಗೆ ಬಂತೆಂದು ಹೇಳುವುದಿಲ್ಲ. 60ರ ಅರ್ಧವೂ 30, 90ರಲ್ಲಿ ಮೂರನೆಯ ಒಂದು ಭಾಗವೂ 30. ಸಂಖ್ಯೆಗಳನ್ನು ಕೂಡಿ ಕಳೆದೊಡನೆ ಅವುಗಳ ಹುಟ್ಟು ಮರೆಯಾಗುತ್ತದೆ. ಅಕ್ಷರಗಳಾದರೋ ಕರಗುವುದಿಲ್ಲ. ‘ಡಿ’ಯಿಂದ ಎಷ್ಟು ಬಂತು, ‘ಬಿ’ಯಿಂದ ಎಷ್ಟು ಹೋಯಿತು ಎಂಬುದು ಉತ್ತರದ ಮೈಮೇಲೇ ಬರೆದಿರುತ್ತದೆ. ವ್ಯತ್ಯಾಸ ಎರಡು ಹೆಚ್ಚಿದರೆ ಚಿಕ್ಕ ಸಂಖ್ಯೆ ಒಂದು ಇಳಿಯುತ್ತದೆ ಎಂಬುದನ್ನು ಮತ್ತೆ ಲೆಕ್ಕ ಮಾಡದೆಯೇ ಓದಿಕೊಳ್ಳಬಹುದು.

‘ಡಿ ಎಂದರೆ ಎಷ್ಟು?’ ಎಂಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದು ಎಷ್ಟೆಂದು ಕೊನೆಯವರೆಗೂ ಕೇಳದಿರುವುದರಲ್ಲೇ ಲಾಭವಿದೆ. ‘ಎಕ್ಸ್’ ಹುಡುಕಬೇಕಾದ ಸಂಖ್ಯೆ. ‘ಡಿ’ ಹಾಗಲ್ಲ. ಅದು ಯಾರೋ ಕೊಡಲಿರುವ ಸಂಖ್ಯೆ. ಕೊಡುವವರೆಗೆ ಕಾಯದೆ ಕೆಲಸ ಮುಗಿಸಿಡುವುದೇ ಅಕ್ಷರದ ಉಪಯೋಗ.

ಅಕ್ಷರ ಎತ್ತಿದ ಪ್ರಶ್ನೆಗಳು

ವಿಯೆತ್‌ನ ಬರಹವನ್ನು ಇಂದಿನ ರೂಪಕ್ಕೆ ತಂದವನು ದಾರ್ಶನಿಕ ರೆನೆ ಡೆಕಾರ್ಟ್. 1637ರಲ್ಲಿ ಪ್ರಕಟವಾದ ‘ರೇಖಾಗಣಿತ’ದಲ್ಲಿ ಆತ ಸ್ವರ ವ್ಯಂಜನಗಳ ಭೇದ ಬಿಟ್ಟು, ವರ್ಣಮಾಲೆಯ ಮೊದಲ ಅಕ್ಷರಗಳನ್ನು ಗೊತ್ತಿರುವುದಕ್ಕೂ ಕೊನೆಯ ಅಕ್ಷರಗಳನ್ನು ಗೊತ್ತಿಲ್ಲದ್ದಕ್ಕೂ ಕೊಟ್ಟ. ಇಂದು ಜಗತ್ತಿನ ಬಹುತೇಕ ತರಗತಿಗಳಲ್ಲಿ ‘ಎ, ಬಿ, ಸಿ’ ಸ್ಥಿರಾಂಕಗಳಾಗಿ, ‘ಎಕ್ಸ್, ವೈ, ಝಡ್’ ಅಜ್ಞಾತಗಳಾಗಿ ಇರುವುದು ಈ ಏರ್ಪಾಡಿನಿಂದ.

ಅಕ್ಷರಗಳು ಬಂದ ಮೇಲೆ, ಸಂಖ್ಯೆಗಳಿದ್ದಾಗ ಏಳದೇ ಇದ್ದ ಪ್ರಶ್ನೆಗಳೂ ಎದ್ದವು. ಮೊತ್ತಕ್ಕಿಂತ ವ್ಯತ್ಯಾಸವೇ ದೊಡ್ಡದಾದರೆ? ಆಗ ಚಿಕ್ಕ ಸಂಖ್ಯೆ ಋಣವಾಗುತ್ತದೆ. ವಿಯೆತ್ ಋಣಸಂಖ್ಯೆಗಳನ್ನು ಉತ್ತರವೆಂದು ಒಪ್ಪುತ್ತಿರಲಿಲ್ಲ. ಆತನ ಅಕ್ಷರಗಳು ಧನಸಂಖ್ಯೆಗಳಿಗೆ ಮಾತ್ರ ನಿಲ್ಲುತ್ತಿದ್ದವು. ಧನ, ಋಣ, ಶೂನ್ಯಗಳ ನಿಯಮಗಳನ್ನು 628ರಲ್ಲೇ ಬರೆದಿಟ್ಟಿದ್ದ ಬ್ರಹ್ಮಗುಪ್ತ ಈ ವಿಷಯದಲ್ಲಿ ಬಹಳ ಮುಂದಿದ್ದ. ಒಂದೇ ಅಕ್ಷರ ಧನಕ್ಕೂ ಋಣಕ್ಕೂ ನಿಲ್ಲಬಹುದೆಂಬ ಬಳಕೆ ಯುರೋಪಿನಲ್ಲಿ ಕಾಣಿಸಿಕೊಂಡದ್ದು 1650ರ ದಶಕದಲ್ಲಿ, ಡಚ್ ಗಣಿತಜ್ಞ ಯೋಹಾನ್ ಹುಡ್ಡೆಯ ಬರಹದಲ್ಲಿ.

ಇನ್ನೊಂದು ಪ್ರಶ್ನೆ ಭಾಗಾಕಾರದ್ದು. ‘ಎ’ಯಿಂದ ‘ಎಕ್ಸ್’ ಗುಣಿಸಿದರೆ ‘ಬಿ’ ಎಂದು ಕೊಟ್ಟಾಗ, ‘ಬಿ’ಯನ್ನು ‘ಎ’ಯಿಂದ ಭಾಗಿಸಿದರೆ ಉತ್ತರ ಎಂದು ಬರೆದು ಮುಗಿಸುವುದು ವಿದ್ಯಾರ್ಥಿಗಳ ರೂಢಿ. ಆದರೆ ‘ಎ’ ಶೂನ್ಯವಾಗಿದ್ದರೆ? ಆಗ ‘ಬಿ’ ಶೂನ್ಯವಲ್ಲದಿದ್ದರೆ ಯಾವ ಸಂಖ್ಯೆಯೂ ಉತ್ತರವಲ್ಲ. ‘ಬಿ’ಯೂ ಶೂನ್ಯವಾಗಿದ್ದರೆ ಎಲ್ಲ ಸಂಖ್ಯೆಗಳೂ ಉತ್ತರವೇ. 4ರಿಂದ ಭಾಗಿಸುವವನಿಗೆ ಈ ಯೋಚನೆ ಬರಲು ಕಾರಣವಿಲ್ಲ, 4 ಎಂದೂ ಶೂನ್ಯವಾಗದು. ಅಕ್ಷರ ಏನು ಬೇಕಾದರೂ ಆಗಬಹುದು. ಆದ್ದರಿಂದಲೇ ಅದು ಎಚ್ಚರ ಕಲಿಸುತ್ತದೆ.

1750ರಲ್ಲಿ ಸ್ವಿಟ್ಜರ್ಲೆಂಡಿನ ಗೇಬ್ರಿಯಲ್ ಕ್ರಾಮರ್ ಹಲವು ಅಜ್ಞಾತಗಳ ಸರಳ ಸಮೀಕರಣಗಳ ಉತ್ತರವನ್ನು ಅಕ್ಷರಗಳಲ್ಲೇ ಬರೆಯುವ ನಿಯಮ ಪ್ರಕಟಿಸಿದಾಗ, ಉತ್ತರ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂಬುದೇ ಒಂದು ಅಧ್ಯಯನದ ವಿಷಯವಾಗಿ ಬೆಳೆಯಲು ದಾರಿಯಾಯಿತು. ಇಂದು ಬ್ಯಾಂಕಿನ ಕಂಪ್ಯೂಟರಿನಲ್ಲಿ ಸಾಲದ ಕಂತು ಲೆಕ್ಕ ಹಾಕುವ ಪ್ರೋಗ್ರಾಮಿನಲ್ಲೂ ಅಸಲು, ದರ, ಅವಧಿಗಳು ಮೊದಲು ಹೆಸರುಗಳಾಗಿಯೇ ಇರುತ್ತವೆ. ಸಾಲ ಕೇಳಿ ಯಾರು ಬರುತ್ತಾರೆಂದು ತಿಳಿಯುವ ಮೊದಲೇ ಲೆಕ್ಕ ಸಿದ್ಧವಾಗಿರುತ್ತದೆ.

ಈ ಚರಿತ್ರೆಯಿಂದ ಪಾಠ ಹೇಳುವವರಿಗೂ ಒಂದು ಉಪಯೋಗವಿದೆ. ಅಕ್ಷರಗಳನ್ನು ಒಮ್ಮೆಲೇ ತಂದಿಡುವ ಬದಲು, ಒಂದೇ ಲೆಕ್ಕವನ್ನು ಮೂರು ಬೇರೆ ಸಂಖ್ಯೆಗಳಿಂದ ಮಾಡಿಸಿ, ಕೂಡುವುದನ್ನೂ ಕಳೆಯುವುದನ್ನೂ ಬರೆದಷ್ಟಕ್ಕೇ ನಿಲ್ಲಿಸಬಹುದು. 100ರಲ್ಲಿ 40 ಕಳೆದು ಅರ್ಧ. 101ರಲ್ಲಿ 25 ಕಳೆದು ಅರ್ಧ. 500ರಲ್ಲಿ 120 ಕಳೆದು ಅರ್ಧ. ಮೂರು ಸಾಲುಗಳನ್ನು ಒಂದರ ಕೆಳಗೊಂದು ಬರೆದಾಗ, ಬದಲಾಗುವ ಜಾಗ ಯಾವುದು, ಬದಲಾಗದ ಜಾಗ ಯಾವುದು ಎಂಬುದು ಹಲಗೆಯ ಮೇಲೆ ಎದ್ದು ಕಾಣುತ್ತದೆ. ಬದಲಾಗುವ ಆ ಎರಡು ಜಾಗಗಳಿಗೆ ಹೆಸರಿಡಿ ಎಂದರೆ ಸಾಕು, ಮಕ್ಕಳು ತಾವಾಗಿ ಅಕ್ಷರ ಹುಡುಕಿಕೊಳ್ಳುತ್ತಾರೆ. 1591ರಲ್ಲಿ ವಿಯೆತ್ ಮಾಡಿದ್ದೂ ಇಷ್ಟನ್ನೇ.